ಐಷಾರಾಮಿ ಕಾರಿನ ‘ಮಿಸ್ಸಿಂಗ್’: ಮಲೆನಾಡಿನಲ್ಲಿ ದೋಷಪತ್ತೆ

ಎಂಜಿನ್ನಿನ ಒಂದೋ ಹೆಚ್ಚೋ ಸಿಲಿಂಡರುಗಳಲ್ಲಿ ಇಂಧನ ತನ್ನ ಸರದಿ ಬಂದಾಗ ಹೊತ್ತಿಕೊಳ್ಳದೆ ಹೋಗುವುದು, ಇಲ್ಲವೇ ಅರೆಬರೆ ಉರಿಯುವುದು ಮಿಸ್‌ಫೈರ್. ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಇದು ‘ಮಿಸ್ಸಿಂಗ್’. ಗಾಡಿ ನಿಂತಲ್ಲೇ ನಡುಗುವುದು, ಸ್ಲೋ ಸ್ಪೀಡ್ (ಐಡ್ಲಿಂಗ್) ಒಂದೇ ಸಮ ನಿಲ್ಲದೆ ಏರಿಳಿಯುವುದು, ಘಟ್ಟ ಹತ್ತುವಾಗ ಎಳೆತ ಕಡಿದು ಕಡಿದು ಬರುವುದು ಇದರ ಮುಖ್ಯ ಲಕ್ಷಣಗಳು. ನಡುಕವೆಲ್ಲ ಮಿಸ್ಸಿಂಗ್ ಅಲ್ಲ. ಮಿಸ್ಸಿಂಗ್ ಇದ್ದೂ ನಡುಕ ಗೊತ್ತಾಗದಿರುವುದೂ ಉಂಟು. ದೋಷಪತ್ತೆ ಕಷ್ಟವಾಗುವುದು ಇಲ್ಲಿಯೇ.

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಹುಲೇಕಲ್ ಅಡಿಕೆ ತೋಟಗಳ ಹೋಬಳಿ. ಇಲ್ಲಿ ಕಾರು ನಿಲ್ಲುವುದು ಮನೆಯಂಗಳದ ಚಪ್ಪರದಡಿ, ಕೊಟ್ಟಿಗೆಯ ಪಕ್ಕ, ಇಲ್ಲವೇ ಹಲಸಿನ ಮರದ ಕೆಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದು ಅಪರೂಪ. ದುಬಾರಿ ಕಾರುಗಳು ಇಲ್ಲಿಗೆ ಬರುವುದು ಎರಡು ಬಗೆಯಲ್ಲಿ: ಸುಮಾರು 400 ಕಿ.ಮೀ. ದೂರದ ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮನೆಮಕ್ಕಳ ಜೊತೆ, ಇಲ್ಲವೇ ಸೆಕೆಂಡ್ ಹ್ಯಾಂಡ್ ಆಗಿ. ಜರ್ಮನ್ ಕಾರುಗಳ ಕಂಪನಿ ವರ್ಕ್‌ಶಾಪು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಇಲ್ಲ. ಹತ್ತಿರದ ದೊಡ್ಡ ಊರು ಹುಬ್ಬಳ್ಳಿ ಶಿರಸಿಯಿಂದ ಸುಮಾರು 100 ಕಿ.ಮೀ. ಹೀಗಾಗಿ ಮಿಸ್ಸಿಂಗ್ ಕಾಣಿಸಿದಾಗ ಮೊದಲು ತೀರ್ಮಾನಿಸಬೇಕಾದದ್ದು ಒಂದೇ: ಗಾಡಿ ಓಡಿಸಿಕೊಂಡು ಹೋಗಬಹುದೋ, ಲಾರಿಯ ಮೇಲೆ ಹೇರಬೇಕೋ? ಇದನ್ನು ಅಂಗಳದಲ್ಲೇ ಹೇಳಬಲ್ಲ ವಿಧಾನಗಳಿವೆ. ದುಬಾರಿ ಬಿಡಿಭಾಗಗಳನ್ನು ಅಂದಾಜಿನ ಮೇಲೆ ಒಂದೊಂದಾಗಿ ಬದಲಿಸುತ್ತ ಹೋಗುವುದು ಅವುಗಳಲ್ಲಿ ಸೇರಿಲ್ಲ. ನಮ್ಮಲ್ಲಿ ಈ ಕೆಲಸದಲ್ಲಿ ಪೋಲಾಗುವ ಹಣದ ದೊಡ್ಡ ಪಾಲು ಹೋಗುವುದು ಅದಕ್ಕೇ.

ಸಿಲಿಂಡರಿನ ಲೆಕ್ಕ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಸ್ಲೋ ಸ್ಪೀಡಿನಲ್ಲಿ ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದರೆ ಒಂದು ಸಿಲಿಂಡರಿಗೆ 350 ಉರಿತ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಒಟ್ಟು 1,400, ಆರಕ್ಕೆ 2,100, ಎಂಟಕ್ಕೆ 2,800. ನಾಲ್ಕರಲ್ಲಿ ಒಂದು ಸತ್ತರೆ ಕಾಲುಭಾಗ ಬಲ ಹೋಗಿ, ಕಾರು ಎತ್ತಿನಗಾಡಿಯಂತೆ ಕುಲುಕುತ್ತದೆ. ಎಂಟರಲ್ಲಿ ಒಂದು ಸತ್ತರೆ ಹೋಗುವುದು ಶೇ 12.5 ಮಾತ್ರ. ಅದರ ಮೇಲೆ ಎಣ್ಣೆ ತುಂಬಿದ ಎಂಜಿನ್ ಮೌಂಟಿಂಗು, ದಪ್ಪ ನೆಲಹಾಸು, ಸದ್ದು ಹೀರುವ ಪದರಗಳು. ಐಷಾರಾಮಿ ಕಾರಿನಲ್ಲಿ ಮಿಸ್ಸಿಂಗ್ ಕೂತವರಿಗೆ ತಿಳಿಯುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ.

ಕೂತ ಜಾಗದಲ್ಲೇ ಮಾಡಬಹುದಾದ ಪರೀಕ್ಷೆಯೊಂದು ಈ ಲೆಕ್ಕದಿಂದಲೇ ಹುಟ್ಟುತ್ತದೆ. ಒಂದೇ ಸಿಲಿಂಡರು ಕೆಲಸ ಬಿಟ್ಟಿದ್ದರೆ ನಡುಕದ ಲಯ ಸೆಕೆಂಡಿಗೆ ಸುಮಾರು 6. ಎಣಿಸಲು ಆಗದಿದ್ದರೂ ಸೀಟಿನ ಮೇಲೆ ಅಂಗೈಯಿಟ್ಟರೆ ಒಂದೊಂದು ತಟ್ಟೂ ಬೇರೆಬೇರೆಯಾಗಿ ತಿಳಿಯುತ್ತದೆ. ಮೌಂಟಿಂಗ್ ಹರಿದಿದ್ದರೆ ಹಾಗಲ್ಲ. ಆರು ಸಿಲಿಂಡರಿನ ಎಂಜಿನ್ನಿನ ಮಾಮೂಲು ಸ್ಪಂದನ ಸೆಕೆಂಡಿಗೆ 35ರಂತೆ ಸ್ಟಿಯರಿಂಗಿಗೆ ಹತ್ತಿ ದುಂಬಿಯ ಗುಂಯ್ಗುಡುವಿಕೆಯಾಗುತ್ತದೆ. ಅದು ಬ್ರೇಕ್ ಒತ್ತಿ ಡ್ರೈವ್‌ಗೆ ಹಾಕಿದಾಗ ಹೆಚ್ಚಿ, ನ್ಯೂಟ್ರಲ್‌ಗೆ ತಂದಾಗ ತಗ್ಗುವುದು ಸಾಮಾನ್ಯ. ತಟ್ಟೋ, ಗುಂಯ್ ಎನ್ನುವುದೋ ಎಂದು ತಿಳಿದುಕೊಂಡರೆ ಅರ್ಧ ದಾರಿ ಸವೆದಂತೆ. ಸೈಲೆನ್ಸರಿನ ಬಾಯಿಗೆ ಕಾಗದ ಹಿಡಿಯುವ ಹಳೆಯ ಉಪಾಯವನ್ನೂ ತಳ್ಳಿಹಾಕುವಂತಿಲ್ಲ. ಕಾಗದ ಒಂದೇ ಸಮ ಹೊರಗೆ ಹಾರುತ್ತಿದ್ದರೆ ಸರಿ. ನಡುನಡುವೆ ತಡವರಿಸಿದರೆ ಮಿಸ್ಸಿಂಗ್. ಒಳಕ್ಕೆ ಎಳೆದುಕೊಂಡರೆ ವಾಲ್ವ್ ಸುಟ್ಟಿರುವ ಶಂಕೆ.

ಪ್ಲಗ್ ವಯರ್ ಕೀಳುವ ಕಾಲದಿಂದ ಕೋಡ್ ಓದುವ ಕಾಲಕ್ಕೆ

ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗನ್ನು ಜೋಡಿಸಿದ ಮೇಲೆ ಕಿಡಿಯಿಂದ ಹೊತ್ತಿಸುವ ಪದ್ಧತಿ ಗಟ್ಟಿಯಾಯಿತು. ಕರ್ನಾಟಕಕ್ಕೂ ಈ ಕಥೆಗೂ ನೇರ ನಂಟಿದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ‘ಮೈಕೋ’, ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳನ್ನು ತಯಾರಿಸಿ ದೇಶಕ್ಕೆಲ್ಲ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಪ್ಲಗ್ಗಿಗೆ ಇಂದಿಗೂ ಮೈಕೋ ಎಂದೇ ಹೆಸರು.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಮಳೆಗಾಲದ ಬೆಳಗ್ಗೆ ಡಿಸ್ಟ್ರಿಬ್ಯೂಟರ್ ಕ್ಯಾಪು ಬಿಚ್ಚಿ ಒಣಬಟ್ಟೆಯಲ್ಲಿ ಒರೆಸುವುದು ಮಲೆನಾಡಿನ ಡ್ರೈವರುಗಳ ದಿನಚರಿಯಾಗಿತ್ತು. ಮಿಸ್ಸಿಂಗ್ ಹಿಡಿಯಲು ಎಂಜಿನ್ ಚಾಲೂ ಇದ್ದಂತೆಯೇ ಪ್ಲಗ್ ವಯರುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಯಾವುದನ್ನು ಕಿತ್ತರೆ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರು. ತರ್ಕ ಇವತ್ತಿಗೂ ಸರಿಯೇ, ಕೈ ಮಾತ್ರ ಹಾಕಬಾರದು. ಈಗ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಅದು ಬ್ಯಾಟರಿಯ 12 ವೋಲ್ಟನ್ನು 25,000ದಿಂದ 40,000 ವೋಲ್ಟಿಗೆ ಏರಿಸುತ್ತದೆ. ಚಾಲೂ ಇದ್ದಾಗ ಅದನ್ನು ಕಿತ್ತರೆ ಮನುಷ್ಯನಿಗೂ ಅಪಾಯ, ಎಂಜಿನ್ನಿನ ಕಂಪ್ಯೂಟರಿಗೂ ಅಪಾಯ.

ಕಿಡಿ ಮತ್ತು ಇಂಧನ ಎರಡನ್ನೂ ಒಂದೇ ಕಂಪ್ಯೂಟರಿಗೆ ಒಪ್ಪಿಸಿದ ಬಾಷ್ ಮೋಟ್ರಾನಿಕ್ ವ್ಯವಸ್ಥೆ 1979ರಲ್ಲಿ ಬಿಎಂಡಬ್ಲ್ಯೂ 732ಐ ಕಾರಿನಲ್ಲಿ ಬಂತು. ಮಿಸ್ಸಿಂಗನ್ನು ಕಾರೇ ಗುರುತಿಸಿ ದಾಖಲಿಸಬೇಕೆಂಬ ಒಬಿಡಿ-2 ನಿಯಮ ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ಭಾರತದಲ್ಲಿ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಇದು ಕೆಲಸ ಮಾಡುವ ಬಗೆ ಸರಳ, ಸುಂದರ. ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲಿನ ಚಕ್ರವೊಂದಿದೆ. ಸಾಮಾನ್ಯವಾಗಿ 60 ಹಲ್ಲಿಗೆ ಜಾಗ, ಗುರುತಿಗಾಗಿ 2 ಖಾಲಿ. ಪ್ರತಿ ಉರಿತವೂ ಚಕ್ರವನ್ನು ತುಸು ನೂಕುತ್ತದೆ. ಒಂದು ಸಿಲಿಂಡರು ಉರಿಯದಿದ್ದರೆ ಆ ಹೊತ್ತಿಗೆ ಚಕ್ರ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಸೆನ್ಸರು ಅದನ್ನು ಹಿಡಿಯುತ್ತದೆ. ಕಂಪ್ಯೂಟರು 200 ಮತ್ತು 1,000 ಸುತ್ತುಗಳ ಕಂತಿನಲ್ಲಿ ಲೆಕ್ಕ ಇಡುತ್ತದೆ. ಹೊಂಡಗುಂಡಿಯ ರಸ್ತೆಯಲ್ಲಿ ಚಕ್ರಗಳ ಎತ್ತುಹಾಕು ಕ್ರ್ಯಾಂಕಿನವರೆಗೂ ಮುಟ್ಟಿ ಲೆಕ್ಕ ಕೆಡಿಸಬಹುದಾದ್ದರಿಂದ, ರಸ್ತೆ ಕೆಟ್ಟಿದೆ ಎಂದು ಕಂಡಾಗ ಎಣಿಕೆಯನ್ನೇ ನಿಲ್ಲಿಸುವ ಏರ್ಪಾಡೂ ಇದೆ. ಹುಲೇಕಲ್ಲಿನ ಒಳದಾರಿಗಳಲ್ಲಿ ಓಡಿದ ಗಾಡಿಯಲ್ಲಿ ಕೋಡ್ ಇಲ್ಲ ಎಂದರೆ ದೋಷವಿಲ್ಲ ಎಂದೇನೂ ಅಲ್ಲ. ಸಮದ ಡಾಂಬರು ರಸ್ತೆಯಲ್ಲಿ ಓಡಿಸಿ ಮತ್ತೆ ನೋಡಬೇಕು.

ಸ್ಕ್ಯಾನರ್ ಹಾಕಿದಾಗ ಪಿ0300 ಬಂದರೆ ಮಿಸ್ಸಿಂಗ್ ಹಲವು ಸಿಲಿಂಡರುಗಳಲ್ಲಿ ಚೆದುರಿದೆ; ಪಿ0301 ಒಂದನೆಯದರಲ್ಲಿ, ಪಿ0305 ಐದನೆಯದರಲ್ಲಿ. ಕೋಡು ಹೇಳುವುದು ಸಿಲಿಂಡರಿನ ಅಂಕೆಯನ್ನು, ಕೆಟ್ಟ ಭಾಗದ ಹೆಸರನ್ನಲ್ಲ. ಈ ವ್ಯತ್ಯಾಸ ಮರೆತಲ್ಲಿ ಖರ್ಚು ಬೆಳೆಯುತ್ತದೆ.

ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಶಿರಸಿಗೆ ಹೋಗಿ ಬರಬಹುದು. ಮಿಣುಕುತ್ತಿದ್ದರೆ ಅಲ್ಲಿಯೇ ನಿಲ್ಲಿಸಬೇಕು. ಉರಿಯದ ಪೆಟ್ರೋಲು ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂಬುದರ ಸೂಚನೆ ಅದು. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಕಟ್ಟಿಕೊಳ್ಳಬಹುದು. ಅಂಥ ಗಾಡಿಯನ್ನು ದರಕು (ಒಣಎಲೆ) ಹಾಸಿದ ಜಾಗದಲ್ಲಿ, ಒಣಸೋಗೆಯ ಮೇಲೆ ನಿಲ್ಲಿಸಿದರೆ ಬೆಂಕಿಯ ಭಯವೂ ಇದೆ.

ಮಾಲೀಕರ ಮಾತು

‘ಗಾಡಿ ನಿಂತಲ್ಲೇ ನಡುಗ್ತಾ ಇದ್ದು, ಪಿಕಪ್ಪೂ ಇಲ್ಲೆ.’ ಹುಲೇಕಲ್ ಕಡೆಯ ಹವ್ಯಕ ಮನೆಯವರು ಮೆಕ್ಯಾನಿಕ್ಕಿಗೆ ಹೇಳುವುದು ಸಾಮಾನ್ಯವಾಗಿ ಇಷ್ಟೇ. ಯಾವಾಗ ನಡುಗುತ್ತದೆ ಎಂದು ಕೇಳಿ ಬರೆದುಕೊಳ್ಳುವ ಮೆಕ್ಯಾನಿಕ್ ಸಿಕ್ಕರೆ ಅದು ಭಾಗ್ಯ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರವೇ? ತೊಳೆದ ಮೇಲೆಯೇ? ಹದಿನೈದು ದಿನ ನಿಂತ ಮೇಲೆಯೇ? ಪೆಟ್ರೋಲು ಹಾಕಿಸಿದ ಬೆನ್ನಿಗೇ? ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ನಿಂತಾಗಲೋ, ಏರಿನಲ್ಲೋ?

ಈ ಕೊನೆಯ ಪ್ರಶ್ನೆಯ ಹಿಂದೆ ಭೌತಶಾಸ್ತ್ರವಿದೆ. ಎಂಜಿನ್ನಿನ ಮೇಲೆ ಭಾರ ಬಿದ್ದಷ್ಟೂ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ತುದಿಯ ಒಂದು ಮಿ.ಮೀ.ಗೂ ಕಡಿಮೆ ಅಂತರವನ್ನು ಕಿಡಿ ದಾಟಲು ಹೆಚ್ಚು ವೋಲ್ಟೇಜು ಬೇಕು. ಸೋತ ಕಾಯಿಲ್ಲು, ಸವೆದ ಪ್ಲಗ್ಗು ಶಿರಸಿ ಪೇಟೆಯಲ್ಲಿ ಸುಮ್ಮನಿದ್ದು ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ, ಅಂಕೋಲೆಯಿಂದ ಅರಬೈಲ್ ಘಟ್ಟ ಏರುವಾಗ ಬಣ್ಣ ಬಯಲು ಮಾಡುವುದು ಇದಕ್ಕೇ. ನಿಂತಾಗ ಮಾತ್ರ ನಡುಗಿ ಓಟದಲ್ಲಿ ಸರಿಹೋಗುವ ಗಾಡಿಯಲ್ಲಿ ಮೊದಲ ಅನುಮಾನ ಕಳ್ಳಗಾಳಿ (ಬಿರುಕಿನಿಂದ ಒಳನುಗ್ಗುವ ಗಾಳಿ), ಸೋರುವ ಇಂಜೆಕ್ಟರು, ಕುಗ್ಗಿದ ಕಂಪ್ರೆಶನ್ನುಗಳ ಮೇಲೆ.

ಕಿಡಿ ಮತ್ತು ನೀರು

ಮಲೆನಾಡಿನ ಪೆಟ್ರೋಲ್ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಕಿಡಿಯ ದಾರಿಗೆ ನೀರು ಸೇರಿದೆಯೇ ಎಂಬುದನ್ನು. ಮುಂಗಾಜಿನ ಬುಡದ ಜಾಲರಿಯೊಳಗೆ ಹಲಸು, ಮಾವಿನ ಎಲೆ ಸೇರಿ ಕೊಳೆತು, ನೀರು ಇಳಿಯುವ ತೂತು ಮುಚ್ಚುತ್ತದೆ. ತುಂಬಿದ ನೀರು ಎಂಜಿನ್ನಿನ ಹಿಂಬದಿಗೆ ಸುರಿಯುತ್ತದೆ. ಆರು ಸಿಲಿಂಡರು ಒಂದೇ ಸಾಲಿನಲ್ಲಿರುವ ಉದ್ದನೆಯ ಎಂಜಿನ್ನುಗಳಲ್ಲಿ ಐದು ಮತ್ತು ಆರನೆಯ ಕಾಯಿಲ್ಲುಗಳು ಬರುವುದು ಈ ಬುಡದ ಹತ್ತಿರವೇ. ಕೆಲವು ಕಾರುಗಳಲ್ಲಿ ಕಂಪ್ಯೂಟರಿನ ಪೆಟ್ಟಿಗೆಯೂ ಅಲ್ಲೇ ಇರುತ್ತದೆ.

ಐದನೆಯ ಸಿಲಿಂಡರಿನ ಕೋಡು ಬಂದ ಇಂಥ ಎಂಜಿನ್ನೊಂದನ್ನು ಬಿಚ್ಚಿ ನೋಡೋಣ. ಎಂಜಿನ್ ಪೂರ್ತಿ ಆರಿರಬೇಕು. ಬಿಸಿ ಅಲ್ಯುಮಿನಿಯಂ ಹೆಡ್ಡಿನಿಂದ ಪ್ಲಗ್ ತಿರುಪಿದರೆ ಮರೆ (ಥ್ರೆಡ್) ಕಿತ್ತು ಬರಬಹುದು. ಮೇಲಿನ ಪ್ಲಾಸ್ಟಿಕ್ ಕವರು ತೆಗೆದು, ಕನೆಕ್ಟರಿನ ಬೀಗ ಸರಿಸಿ ಕಾಯಿಲ್ಲನ್ನು ನೇರಕ್ಕೆ ಎಳೆದರೆ ಟಾರ್ಚಿನ ಬೆಳಕಿಗೆ ಪ್ಲಗ್ಗಿನ ಬಾವಿ ಕಾಣುತ್ತದೆ. ತಳದಲ್ಲಿ ಮಿನುಗುವುದು ನೀರೋ, ಎಣ್ಣೆಯೋ? ನೀರಾದರೆ ಮೇಲಿನಿಂದ ಇಳಿದದ್ದು. ಎಣ್ಣೆಯಾದರೆ ಟ್ಯಾಪೆಟ್ ಕವರಿನ ಪ್ಯಾಕಿಂಗು ಗಟ್ಟಿಯಾಗಿ ಬಿರಿದಿದೆ. ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ನೆನೆಯುತ್ತದೆ. ಇನ್ನು ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಮೇಲಿಂದ ಕೆಳಕ್ಕೆ ಪೆನ್ಸಿಲಿನಲ್ಲಿ ಗೀಚಿದಂಥ ಸಪೂರ ಕಪ್ಪುಗೆರೆ ಇದೆಯೇ ನೋಡಬೇಕು. ಕಿಡಿ ತುದಿಯಲ್ಲಿ ಹಾರುವುದನ್ನು ಬಿಟ್ಟು ಪಿಂಗಾಣಿಯ ಮೈಮೇಲೆ ಹರಿದು ಹೆಡ್ಡಿಗೆ ಇಳಿದ ದಾರಿ ಅದು. ಕಾಯಿಲ್ಲಿನ ರಬ್ಬರ್ ಬೂಟಿನ ಒಳಮೈಯಲ್ಲೂ ಅದರ ಜೋಡಿಗೆರೆ ಇರುತ್ತದೆ. ಪ್ಲಗ್ ಮಾತ್ರ ಹೊಸದು ಹಾಕಿ ಬೂಟು ಹಳೆಯದೇ ಬಿಟ್ಟರೆ ಕೆಲವೇ ದಿನಗಳಲ್ಲಿ ಹೊಸ ಪಿಂಗಾಣಿಯ ಮೇಲೂ ಅದೇ ಗೆರೆ ಮೂಡುತ್ತದೆ.

ಗೆರೆಯೂ ಇಲ್ಲ, ತೇವವೂ ಇಲ್ಲ ಎಂದಾದರೆ ಅದಲುಬದಲಿನ ಪರೀಕ್ಷೆ. ಐದನೆಯ ಕಾಯಿಲ್ಲನ್ನು ಎರಡನೆಯದರ ಜಾಗದಲ್ಲಿಟ್ಟು, ಕೋಡು ಅಳಿಸಿ, ಗಾಡಿ ಓಡಿಸಿ ನೋಡುವುದು. ಕೋಡು ಪಿ0302 ಆಗಿ ಬಂದರೆ ಕಾಯಿಲ್ಲೇ ಕಳ್ಳ. ಪಿ0305 ಆಗಿಯೇ ಉಳಿದರೆ ಕಾಯಿಲ್ ನಿರಪರಾಧಿ, ಮುಂದಿನ ಸರದಿ ಪ್ಲಗ್ಗಿನದು. ಒಂದು ಸಲಕ್ಕೆ ಒಂದನ್ನೇ ಕದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಉತ್ತರ ಸಿಕ್ಕರೂ ಅದು ಯಾರದೆಂದು ತಿಳಿಯುವುದಿಲ್ಲ. ಈ ಪರೀಕ್ಷೆಗೆ ಬೇಕಾದದ್ದು ಪಾನಾ, ಅಗ್ಗದ ಸ್ಕ್ಯಾನರು ಮತ್ತು ಅರ್ಧ ತಾಸು. ಇಂಜೆಕ್ಟರಿಗೆ ಮಾತ್ರ ಇದೇ ಉಪಾಯ ಸುಲಭವಲ್ಲ. ಪೆಟ್ರೋಲನ್ನು 200 ಬಾರ್ ಒತ್ತಡದಲ್ಲಿ ನೇರ ಸಿಲಿಂಡರಿಗೆ ಚಿಮ್ಮಿಸುವ ಇಂಜೆಕ್ಟರುಗಳನ್ನು ಕಿತ್ತರೆ ಸೀಲು ಹೊಸದಾಗಬೇಕು. ಹಲವು ಎಂಜಿನ್ನುಗಳಲ್ಲಿ ಅವುಗಳ ಸಂಕೇತಸಂಖ್ಯೆಯನ್ನು ಕಂಪ್ಯೂಟರಿಗೆ ಮತ್ತೆ ಊಡಿಸಲೂ ಬೇಕು.

ಅಡಿಕೆ, ಭತ್ತ, ಹುಲ್ಲು ಇರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ಎಂಜಿನ್ ಕವರಿನ ಕೆಳಗಿನ ಸ್ಪಂಜು ಅದಕ್ಕೆ ಬೆಚ್ಚನೆಯ ಗೂಡು. ಕಾಯಿಲ್ಲಿಗೋ ಇಂಜೆಕ್ಟರಿಗೋ ಹೋಗುವ ಎಳೆಯಷ್ಟು ವಯರನ್ನು ಅರ್ಧ ಕಡಿದು ಬಿಟ್ಟರೆ ಮಿಸ್ಸಿಂಗ್ ಒಮ್ಮೆ ಬರುತ್ತದೆ, ಒಮ್ಮೆ ಮಾಯವಾಗುತ್ತದೆ. ಹೊಟ್ಟು, ಹಿಕ್ಕೆ, ಹರಿದ ಸ್ಪಂಜು ಕಂಡರೆ ಬಿಡಿಭಾಗ ಮುಟ್ಟುವ ಮೊದಲು ವಯರಿಂಗನ್ನು ಉದ್ದಕ್ಕೂ ಬೆರಳಾಡಿಸಿ ನೋಡುವುದು ಒಳ್ಳೆಯದು.

ಗಾಳಿ, ಇಂಧನ ಮತ್ತು ಇ20

ಅಳತೆಗೆ ಸಿಗದೆ ಒಳನುಗ್ಗುವ ಕಳ್ಳಗಾಳಿಯನ್ನು ಹಿಡಿಯುವ ಅತ್ಯುತ್ತಮ ಸಾಧನ ‘ಫ್ಯೂಯಲ್ ಟ್ರಿಮ್’. ಗಾಳಿಗೆ ತಕ್ಕ ಇಂಧನ ಸಾಲುತ್ತಿದೆಯೇ ಎಂದು ಆಕ್ಸಿಜನ್ ಸೆನ್ಸರ್ ಹೇಳಿದಂತೆ ಕಂಪ್ಯೂಟರು ಮಾಡಿಕೊಳ್ಳುವ ತಿದ್ದುಪಡಿ ಇದು; ಸ್ಕ್ಯಾನರಿನಲ್ಲಿ ಶೇಕಡಾವಾರು ಕಾಣುತ್ತದೆ. ಸ್ಲೋ ಸ್ಪೀಡಿನಲ್ಲಿ ಶೇ 15 ಇದ್ದದ್ದು 2,500 ಸುತ್ತಿಗೆ ಏರಿಸಿದಾಗ ಶೇ 3ಕ್ಕೆ ಇಳಿದರೆ ಎಲ್ಲೋ ಪೈಪು ಬಿರಿದಿದೆ, ಇಲ್ಲವೇ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹೋಗಿದೆ. ಬಿರುಕು ಅಷ್ಟೇ, ಆದರೆ ಎಂಜಿನ್ನು ಎಳೆಯುವ ಒಟ್ಟು ಗಾಳಿ ಹೆಚ್ಚಾದಾಗ ಅದರ ಪಾಲು ಸಣ್ಣದಾಗುತ್ತದೆ. ತಿದ್ದುಪಡಿ ಏರಿನಲ್ಲಿ ಬೆಳೆಯುತ್ತ ಹೋದರೆ ದೋಷ ಇಂಧನದ ಪೂರೈಕೆಯಲ್ಲೋ ಗಾಳಿಯಳೆಯುವ ಸೆನ್ಸರಿನಲ್ಲೋ ಇದೆ. ಬಿರುಕಿನ ಜಾಗ ತಿಳಿಯಲು ಎಂಜಿನ್ ಬಂದ್ ಮಾಡಿ ಒಳಗೆ ಹೊಗೆ ಊದುತ್ತಾರೆ. ಎಲ್ಲಿ ಹೊಗೆ ಸುಳಿಯಿತೋ ಅಲ್ಲೇ ಬಿರುಕು. ಬಿಎಂಡಬ್ಲ್ಯೂ 2001ರಲ್ಲಿ ತಂದ ವಾಲ್ವ್‌ಟ್ರಾನಿಕ್ ಎಂಜಿನ್ನುಗಳಲ್ಲಿ ಗಾಳಿಯ ಪ್ರಮಾಣವನ್ನು ವಾಲ್ವುಗಳೇ ನಿಯಂತ್ರಿಸುವುದರಿಂದ ಒಳಗಿನ ನಿರ್ವಾತ ತೀರ ಕಡಿಮೆ. ಅಲ್ಲಿ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು.

ಈಚೆಗೆ ಇದರೊಳಗೆ ಇನ್ನೊಂದು ತೊಡಕು ಸೇರಿದೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಸುರಿಯಬೇಕು. ಎಥನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಹಳೆಯ ಕಾರಿನಲ್ಲಿ ಯಾವ ಬಿರುಕೂ ಇಲ್ಲದೆಯೇ ಟ್ರಿಮ್ ಶೇ 7–8ರಷ್ಟು ಮೇಲಿರಬಹುದು. ಅದು ಸ್ಲೋ ಸ್ಪೀಡಿನಲ್ಲೂ ಓಟದಲ್ಲೂ ಒಂದೇ ತೆರನಾಗಿದ್ದರೆ ಇಂಧನದ ಗುಣ, ಸ್ಲೋ ಸ್ಪೀಡಿನಲ್ಲಿ ಮಾತ್ರ ಇದ್ದರೆ ಕಳ್ಳಗಾಳಿ. ಎಥನಾಲ್ ನೀರು ಹೀರುತ್ತದೆ. ಮಳೆಗಾಲವಿಡೀ ಅರೆಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರಿನಂಶ ಮಿತಿಮೀರಿದರೆ ನೀರು ಬೆರೆತ ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಪಂಪು ಮೊದಲು ಎಳೆಯುವುದು ಅದನ್ನೇ.

ನಿಂತ ಗಾಡಿಯ ಇನ್ನೊಂದು ಕಾಯಿಲೆ ಬ್ಯಾಟರಿಯದು. ಲಾಕ್ ಮಾಡಿದ ಮೇಲೂ ಇಂಥ ಕಾರು 50 ಮಿಲಿಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 1.2 ಆಂಪಿಯರ್-ತಾಸು, ತಿಂಗಳಲ್ಲಿ 70ರ ಬ್ಯಾಟರಿ ಅರ್ಧ ಖಾಲಿ. ಬ್ಯಾಟರಿ ಬಿಚ್ಚಿಟ್ಟು ಮತ್ತೆ ಹಾಕಿದಾಗ ಕೆಲವು ಕಾರುಗಳು ಕಲಿತ ತಿದ್ದುಪಡಿಯನ್ನೆಲ್ಲ ಮರೆತು ಒಂದೆರಡು ದಿನ ನಡುಗುತ್ತವೆ. ಥ್ರಾಟಲ್ ಬಾಡಿ ತೊಳೆದ ಮೇಲೂ ಹೀಗೆಯೇ. ಅದನ್ನು ದೋಷವೆಂದು ತಿಳಿದು ಮತ್ತೆ ಬಿಚ್ಚಬಾರದು.

ಇಂಧನ ನೇರ ಸಿಲಿಂಡರಿಗೇ ಬೀಳುವ ಎಂಜಿನ್ನುಗಳಲ್ಲಿ ಒಳವಾಲ್ವುಗಳ ಬೆನ್ನನ್ನು ಪೆಟ್ರೋಲು ತೊಳೆಯುವುದಿಲ್ಲ. ಎಣ್ಣೆಯ ಆವಿ ಅಲ್ಲಿ ಅಂಟಿ ಸುಟ್ಟು ಕರಿಯ ಹಕ್ಕಳೆ ಕಟ್ಟುತ್ತದೆ. ತಣ್ಣಗಿನ ಬೆಳಗ್ಗೆ ಎರಡು ನಿಮಿಷ ನಡುಗಿ ಆಮೇಲೆ ಸರಿಹೋಗುವುದು, ಕೋಡು ಇಂದು ಒಂದು ಸಿಲಿಂಡರು ನಾಳೆ ಇನ್ನೊಂದು ಎಂದು ಅಲೆಯುವುದು ಇದರ ಗುರುತು. ಪುಡಿಮಾಡಿದ ಅಕ್ರೋಟಿನ ಚಿಪ್ಪನ್ನು ಗಾಳಿಯೊತ್ತಡದಲ್ಲಿ ಊದಿ ಇದನ್ನು ಕೆರೆಯುತ್ತಾರೆ.

ಡೀಸೆಲ್ ಮತ್ತು ಹೈಬ್ರಿಡ್

ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಅಲ್ಲಿ ನಡುಕಕ್ಕೆ ಕಾರಣ ಹೆಚ್ಚಾಗಿ ಇಂಜೆಕ್ಟರು, ಹೊಗೆಯ ಒಂದಂಶವನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವು ತೆರೆದೇ ಸಿಕ್ಕಿಕೊಂಡಿರುವುದು, ಫಿಲ್ಟರಿನಲ್ಲಿ ನೀರು ಇಲ್ಲವೇ ಪೈಪಿನಲ್ಲಿ ಏರ್. ಪ್ರತಿ ಸಿಲಿಂಡರಿಗೆ ಎಷ್ಟು ಇಂಧನ ಕೂಡಿಸಿ ಕಳೆದು ಸಮ ಮಾಡುತ್ತಿದ್ದೇನೆ ಎಂಬ ಅಂಕಿಯನ್ನು ಕಂಪ್ಯೂಟರೇ ತೋರಿಸುತ್ತದೆ. ಯಾವ ಸಿಲಿಂಡರು ಹೆಚ್ಚು ಬೇಡುತ್ತಿದೆಯೋ ಅದರ ಇಂಜೆಕ್ಟರಿನ ವಾಪಸು ಡೀಸೆಲ್ಲನ್ನು ಬಾಟಲಿಯಲ್ಲಿ ಹಿಡಿದು ಉಳಿದವುಗಳೊಡನೆ ಹೋಲಿಸುತ್ತಾರೆ. 2020ರಲ್ಲಿ ಬಿಡದಿಯಲ್ಲಿ ಜೋಡಣೆ ಆರಂಭವಾದ ಲೆಕ್ಸಸ್ ಇಎಸ್ 300ಎಚ್‌ನಂಥ ಹೈಬ್ರಿಡ್ ಕಾರುಗಳಲ್ಲಿ ನಿಂತಾಗ ಎಂಜಿನ್ನೇ ಬಹುಪಾಲು ಬಂದ್ ಆಗಿರುತ್ತದೆ; ದೋಷವಿದ್ದರೆ ಅದು ಎಂಜಿನ್ ಎಚ್ಚರಗೊಳ್ಳುವ ಕ್ಷಣದ ಅದುರಾಗಿ ಕಾಣುತ್ತದೆ.

ಇಷ್ಟೆಲ್ಲ ನೋಡಿಯೂ ದೋಷ ಸಿಗದಿದ್ದರೆ ಕಂಪ್ರೆಶನ್ ಅಳೆಯಬೇಕು. ಬಿಚ್ಚುವ ಮೊದಲು ಸ್ಟಾರ್ಟರ್ ಎಳೆಯುವ ಕರೆಂಟಿನ ಅಲೆಯನ್ನು ಆಸಿಲೋಸ್ಕೋಪಿನಲ್ಲಿ ನೋಡಿದರೆ ಸಾಕು, ಸೋತ ಸಿಲಿಂಡರಿನ ಅಲೆ ಗಿಡ್ಡವಾಗಿರುತ್ತದೆ. ಗೇಜ್ ಹಾಕಿದಾಗ ಸಿಲಿಂಡರುಗಳ ನಡುವೆ ಶೇ 10–15ಕ್ಕಿಂತ ಹೆಚ್ಚು ಅಂತರ ಬಂದರೆ ತುಸು ಎಣ್ಣೆ ಸುರಿದು ಮತ್ತೆ ಅಳೆಯುವುದು ರೂಢಿ: ಏರಿದರೆ ರಿಂಗು, ಏರದಿದ್ದರೆ ವಾಲ್ವು ಇಲ್ಲವೇ ಹೆಡ್ ಗ್ಯಾಸ್ಕೆಟ್. ಇಷ್ಟಾದ ಮೇಲೆ ಗಾಡಿಯನ್ನು ಲಾರಿಗೆ ಹೇರುವುದೇ ಸರಿ.

ರಿಪೇರಿ ಮುಗಿದ ದಿನ ಬಿಸಿ ಎಂಜಿನ್ ನಯವಾಗಿ ತಿರುಗುವುದನ್ನು ನೋಡಿ ಹಣ ಕೊಟ್ಟುಬಿಡುವುದು ನಮ್ಮ ರೂಢಿ. ಕೋಡು ಅಳಿಸಿ, ರಾತ್ರಿಯಿಡೀ ಗಾಡಿಯನ್ನು ಅದೇ ಚಪ್ಪರದಡಿ ನಿಲ್ಲಿಸಿ, ಬೆಳಗ್ಗೆ ಮಂಜು ಆರುವ ಮೊದಲು ಸ್ಕ್ಯಾನರ್ ಚುಚ್ಚಿ ಚಾಲೂ ಮಾಡಬೇಕು. ಪ್ರತಿ ಸಿಲಿಂಡರಿನ ಮಿಸ್ಸಿಂಗ್ ಎಣಿಕೆ ಪರದೆಯ ಮೇಲೆ ಸಾಲಾಗಿ ಬರುತ್ತದೆ. ಎಂಜಿನ್ ಬಿಸಿಯೇರಿ, ಒಂದು ಏರು ಹತ್ತಿ ಇಳಿದು ಬಂದ ಮೇಲೂ ಎಲ್ಲ ಮನೆಗಳಲ್ಲೂ ಸೊನ್ನೆಯೇ ಇದ್ದರೆ ಕೆಲಸ ಆಗಿದೆ.